ಗಡಿಗೆಯ ಪಕ್ಕದ ಬಯಲು

ಹೂವಿನ ಹಿಪ್ಪರಗಿ ಸೀಮೆಯ ಸಾಲಿಗಳಲ್ಲಿ ನಾನು ಬಹಳ ವರ್ಷ ಚಿತ್ರಕಲೆ ಕಲಿಸಿದವನು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂಡುವ ಹುಡುಗರ ಮುಂದೆ ಒಂದು ಗಡಿಗೆ, ಒಂದು ತಂಬಿಗೆ ಇಟ್ಟು ಹೇಳುತ್ತಿದ್ದೆ: "ಗಡಿಗಿ ತೆಗೀಬ್ಯಾಡ್ರಿ, ತಂಬಿಗಿನೂ ತೆಗೀಬ್ಯಾಡ್ರಿ. ಎರಡರ ನಡುವಿನ ಜಾಗಾ ತೆಗೀರಿ." ಪ್ರತಿ ವರ್ಷ ಯಾರಾದರೊಬ್ಬ ಹುಡುಗನೋ ಹುಡುಗಿಯೋ ಎದ್ದು ಕೇಳುತ್ತಿದ್ದ ಮಾತು ಒಂದೇ: "ಸರ, ಅಲ್ಲಿ ಏನೂ ಇಲ್ಲಲ್ರಿ. ಇಲ್ಲದ್ದನ್ನ ಹೆಂಗ ತೆಗೀಬೇಕ್ರಿ?"

ಮಕ್ಕಳು ಕೇಳುವ ಈ ಪ್ರಶ್ನೆಯನ್ನು ನಮ್ಮ ದೇಶದ ತಾರ್ಕಿಕರು ಶತಮಾನಗಟ್ಟಲೆ ಹಿಡಿದು ಜಗ್ಗಾಡಿದ್ದಾರೆ. ಅವರು ಕೊಡುವ ಉದಾಹರಣೆಯೂ ಗಡಿಗೆಯದೇ. ನೆಲದ ಮೇಲೆ ಗಡಿಗೆ ಇಲ್ಲ ಎಂದು ನಮಗೆ ತಿಳಿಯುತ್ತದಲ್ಲ, ಆಗ ತಿಳಿದದ್ದು ಏನು? ಗಡಿಗೆಯ ಇಲ್ಲದಿರುವಿಕೆಯೂ ಒಂದು ಪದಾರ್ಥವೇ, ಅದು ಕಣ್ಣಿಗೆ ಕಾಣುವಂಥದ್ದೇ ಎಂದರು ನೈಯಾಯಿಕರು. ಕಣಾದನ ಆರು ಪದಾರ್ಥಗಳ ಸಾಲಿಗೆ ಮುಂದಿನವರು ಅಭಾವವನ್ನು ಏಳನೆಯದಾಗಿ ಸೇರಿಸಿದರು. ಮೀಮಾಂಸಕ ಕುಮಾರಿಲ ಭಟ್ಟ ಒಪ್ಪಲಿಲ್ಲ. ಇಲ್ಲದ್ದು ಇಂದ್ರಿಯಕ್ಕೆ ತಾಗುವುದು ಹೇಗೆ? ಕಾಣಬೇಕಾದದ್ದು ಕಾಣದಿರುವುದೇ ಬೇರೊಂದು ಪ್ರಮಾಣ ಎಂದು ಅವನು ಅನುಪಲಬ್ಧಿಯನ್ನು ಪ್ರತ್ಯೇಕವಾಗಿ ನಿಲ್ಲಿಸಿದ. ಪ್ರಭಾಕರ ಇನ್ನೂ ಕಟು. ಅಭಾವ ಎಂಬ ವಸ್ತುವೇ ಇಲ್ಲ, ಇರುವುದು ಬರೀ ನೆಲ, ಅಷ್ಟೇ ಎಂದ.

ಪೆನ್ಸಿಲ್ ಹಿಡಿದವನಾಗಿ ನಾನು ಪ್ರಭಾಕರನ ಮಾತನ್ನು ಒಪ್ಪಲಾರೆ. ಗಡಿಗೆಗೂ ತಂಬಿಗೆಗೂ ನಡುವೆ ಇರುವುದು ಬರೀ ಗೋಡೆ, ಬರೀ ಹಾಳೆ ಎಂದು ಬಿಟ್ಟರೆ ಚಿತ್ರ ಕೆಡುತ್ತದೆ. ಆ ಜಾಗಕ್ಕೆ ಒಂದು ಆಕಾರವಿದೆ. ಮೇಲೆ ಅಗಲ, ಗಡಿಗೆಯ ಹೊಟ್ಟೆ ಉಬ್ಬಿದಲ್ಲಿ ಸಪೂರ, ತಳದ ಹತ್ತಿರ ಮತ್ತೆ ಅಗಲ. ಆ ಆಕಾರ ತಪ್ಪಿದರೆ ಗಡಿಗೆಯೂ ತಪ್ಪುತ್ತದೆ, ತಂಬಿಗೆಯೂ ತಪ್ಪುತ್ತದೆ. ಎರಡು ವಸ್ತುಗಳನ್ನು ಒಮ್ಮೆಗೇ ಕೆಡಿಸುವ ಶಕ್ತಿ ಇರುವುದನ್ನು ಇಲ್ಲ ಅನ್ನುವುದು ಹೇಗೆ?

ನಡುವಿನ ಜಾಗ ತೆಗೆಯಲು ಹೇಳುವ ಕಾರಣ ಸರಳ. ಗಡಿಗೆಗೆ ಹೆಸರಿದೆ. ಹುಟ್ಟಿದಾಗಿನಿಂದ ನೋಡಿದ ಗಡಿಗೆ ತಲೆಯೊಳಗೆ ಕೂತಿದೆ. ಹುಡುಗ ಮುಂದಿನ ಗಡಿಗೆಯನ್ನು ಬಿಟ್ಟು ತಲೆಯೊಳಗಿನ ಗಡಿಗೆಯನ್ನೇ ತೆಗೆಯುತ್ತಾನೆ. ಅದರ ಬಾಯಿ ಪೂರ್ತಿ ದುಂಡಗಾಗುತ್ತದೆ, ತಳ ನೇರ ಗೆರೆಯಾಗುತ್ತದೆ. ನಡುವಿನ ಜಾಗಕ್ಕೆ ಹೆಸರಿಲ್ಲ, ಅದನ್ನು ಮನಸ್ಸು ಎಂದೂ ಕಲಿತಿಲ್ಲ. ಅಲ್ಲಿ ಕಣ್ಣು ಪ್ರಾಮಾಣಿಕವಾಗಿ ದುಡಿಯಲೇಬೇಕು. ಬೆಟ್ಟಿ ಎಡ್ವರ್ಡ್ಸ್ ಎಂಬ ಅಮೆರಿಕದ ಶಿಕ್ಷಕಿ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಅಭ್ಯಾಸ ಬಹಳ ಜನಪ್ರಿಯವಾಯಿತು. ನೆಗೆಟಿವ್ ಸ್ಪೇಸ್ ಎಂದು ಎಲ್ಲರೂ ಕರೆಯುವುದು ಇದನ್ನೇ. ನಮ್ಮ ಸಾಲಿಯಲ್ಲಿ ನಾವು ಬಿಟ್ಟ ಜಾಗ ಅನ್ನುತ್ತಿದ್ದೆವು.

ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅದನ್ನು ಓದಿದಾಗ ನನಗೆ ಡ್ರಾಯಿಂಗ್ ಹಾಳೆ ಕಣ್ಣಮುಂದೆ ಬಂತು. ಇನ್ನೂ ಏನನ್ನೂ ತೆಗೆಯದ ಹಾಳೆಯಲ್ಲಿ ಗಡಿಗೆ ಇಲ್ಲ, ಅದು ಪ್ರಾಗಭಾವ. ತೆಗೆದು ರಬ್ಬರಿನಿಂದ ಅಳಿಸಿದ ಮೇಲೂ ಗಡಿಗೆ ಇಲ್ಲ, ಅದು ಪ್ರಧ್ವಂಸಾಭಾವ. ಎರಡೂ ಬಿಳಿ ಜಾಗವೇ, ಆದರೆ ಅಳಿಸಿದ ಜಾಗದ ಮೇಲೆ ಬೆರಳಾಡಿಸಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಕಾಗದದ ಮೈ ಎದ್ದಿರುತ್ತದೆ, ಒತ್ತಿ ಎಳೆದ ಗೆರೆಯ ಗುರುತು ಉಳಿದಿರುತ್ತದೆ. ತಂಬಿಗೆಯು ಗಡಿಗೆಯಲ್ಲ ಎಂಬುದು ಅನ್ಯೋನ್ಯಾಭಾವ. ಒಂದು ಕಡೆ ಒಂದು ವಸ್ತು ಮೂರು ಕಾಲಕ್ಕೂ ಇಲ್ಲದಿರುವುದು ಅತ್ಯಂತಾಭಾವ. ಈ ನಾಲ್ಕೂ ಯಾವುದೋ ಒಂದರ ಅಭಾವಗಳು. ಯಾವುದು ಇಲ್ಲವೋ ಅದರ ಹೆಸರನ್ನು ಹಿಡಿದೇ ಇವನ್ನು ಹೇಳಬೇಕು. ತರ್ಕದವರು ಅದಕ್ಕೆ ಪ್ರತಿಯೋಗಿ ಎನ್ನುತ್ತಾರೆ. ಪ್ರತಿಯೋಗಿಯೇ ಇಲ್ಲದ ಅಭಾವ ಅವರ ಲೆಕ್ಕದಲ್ಲಿ ಇಲ್ಲ.

ಹಾಗಾದರೆ ನಮ್ಮ ಭಾಗದ ಶರಣರು ಹೇಳಿದ ಶೂನ್ಯ ಯಾವುದರ ಅಭಾವ? ನನ್ನ ಬದುಕಿನುದ್ದಕ್ಕೂ ನನ್ನನ್ನು ಕಾಡಿದ ಪ್ರಶ್ನೆ ಇದು. ನಮ್ಮ ಊರು ಇರುವುದು ಬಸವನ ಬಾಗೇವಾಡಿಯ ನಾಡಿನಲ್ಲಿ. ಶೂನ್ಯ, ಬಯಲು ಎಂಬ ಮಾತುಗಳನ್ನು ನಾವು ಗುಡಿಯ ಕಟ್ಟೆಯ ಮೇಲೆ, ಮಠದ ಪುರಾಣದಲ್ಲಿ, ಭಜನೆಯಲ್ಲಿ ಸಣ್ಣವರಿದ್ದಾಗಿನಿಂದ ಕೇಳಿದವರು. ಕೇಳಿ ಕೇಳಿ ಅರ್ಥ ತಿಳಿದಿದೆ ಎಂದುಕೊಂಡವರು. ಶೂನ್ಯವೆಂದರೆ ಏನೂ ಇಲ್ಲದ್ದು, ಸತ್ತ ಮೇಲೆ ಎಲ್ಲ ಬಯಲು ಎಂದು ಹೇಳಿ ಕೈ ತೊಳೆದುಕೊಳ್ಳುವವರನ್ನೂ ನೋಡಿದ್ದೇನೆ. ಈ ಅರ್ಥ ನನಗೆ ಎಂದೂ ಸರಿ ಅನ್ನಿಸಿಲ್ಲ. ಅದು ಸರಿಯಲ್ಲವೆಂದು ತೋರಿಸಲು ನನ್ನಲ್ಲಿರುವ ಸಾಧನ ಚಿತ್ರವೊಂದೇ. ಆ ಚಿತ್ರ ಹಾಳೆಯ ಮೇಲಷ್ಟೇ ಅಲ್ಲ, ಕಲ್ಲಿನಲ್ಲಿ, ಬಟ್ಟೆಯಲ್ಲೂ ಇದೆ.

ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ಸಾಮಾನ್ಯವಾಗಿ ಮಿನಾರು ನೋಡಿ, ಫೋಟೊ ತೆಗೆಸಿಕೊಂಡು ಬರುತ್ತಾರೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದ ಕಟ್ಟಡ ಅದು. ಅವನು ತೀರಿಕೊಂಡ 1627ರ ಹೊತ್ತಿಗೆ ಮುಗಿಯಿತು ಎನ್ನುತ್ತಾರೆ. ದಖನಿಯಲ್ಲಿ ಕಿತಾಬ್-ಎ-ನೌರಸ್ ಬರೆದು, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದ ಸುಲ್ತಾನ ಅವನು. ಅಲ್ಲಿಗೆ ಹೋದಾಗ ಗೋರಿಯ ಕೋಣೆಯ ಸುತ್ತಲಿನ ಕಲ್ಲಿನ ಕಿಟಕಿಗಳ ಮುಂದೆ ನಿಲ್ಲಬೇಕು. ಅರಬ್ಬಿ ಅಕ್ಷರಗಳನ್ನೇ ಜಾಲಂದ್ರ ಮಾಡಿದ್ದಾರೆ. ಅಕ್ಷರ ಕಲ್ಲಿನದು. ಅಕ್ಷರದ ನಡುವಿನ ಸಂದುಗಳನ್ನು ಕೊರೆದು ತೆಗೆದಿದ್ದಾರೆ. ಒಳಗಿನ ಕತ್ತಲಿಗೆ ಬೆಳಕು ಬರುವುದು ಆ ಸಂದುಗಳಿಂದ. ಓದಬೇಕಾದದ್ದು ಕಲ್ಲು, ಓದಲು ಬೆಳಕು ಕೊಡುವುದು ಕಲ್ಲಿಲ್ಲದ ಜಾಗ. ಒಂದು ಸಂದು ಅತಿಯಾದರೆ ಅಕ್ಷರ ಮುರಿದು ಬೀಳುತ್ತದೆ, ಕಡಿಮೆಯಾದರೆ ಕೋಣೆ ಕತ್ತಲಾಗುತ್ತದೆ. ಆ ಕಲ್ಲುಕುಟಿಗ ಉಳಿ ಇಟ್ಟದ್ದು ಪ್ರತಿ ಸಲವೂ ಖಾಲಿ ಜಾಗದ ಮೇಲೆ. ಅವನ ಕೈಗೆ ಅಕ್ಷರ ಎಂದೂ ನೇರವಾಗಿ ಸಿಕ್ಕಿಲ್ಲ. ಸುತ್ತಲಿನದನ್ನು ತೆಗೆಯುತ್ತ ಹೋದಂತೆ ಅದು ಉಳಿಯಿತು.

ಬಾಗೇವಾಡಿ ಹತ್ತಿರದ ಇಂಗಳೇಶ್ವರದಲ್ಲಿ ವಚನಗಳನ್ನು ಕಲ್ಲಿನ ಮೇಲೆ ಕೆತ್ತಿಸಿದ ಮಂಟಪವಿದೆ. ಅಲ್ಲಿ ಕೆಲಸ ಇದರ ತಿರುವುಮುರುವು. ಅಕ್ಷರವಿರುವ ಕಡೆಯೇ ಕಲ್ಲು ಇಲ್ಲ, ಕೊರೆದ ತಗ್ಗೇ ಅಕ್ಷರ. ತಾಳೆಗರಿಯಲ್ಲೂ ಹೀಗೆಯೇ. ಕಂಟದಿಂದ ಗೀರಿ, ಆಮೇಲೆ ಮಸಿ ಸವರಿದರೆ ಗೀರಿದ ತಗ್ಗಿನಲ್ಲಿ ಮಸಿ ನಿಂತು ಅಕ್ಷರ ಕಾಣುತ್ತದೆ. ದಾರ ಪೋಣಿಸುವ ತೂತಿನ ಸುತ್ತ ಬರೆಯುವವನು ಒಂದಿಷ್ಟು ಜಾಗ ಬಿಟ್ಟಿರುತ್ತಾನೆ. ಸಾಲು ಅಲ್ಲಿಗೆ ಬಂದು ನಿಂತು, ಆ ಕಡೆ ಹಾರಿ ಮುಂದುವರಿಯುತ್ತದೆ. ಆ ಜಾಗ ಬಿಡದಿದ್ದರೆ ದಾರ ಉಜ್ಜಿ ಉಜ್ಜಿ ಅಕ್ಷರ ಹೋಗುತ್ತಿತ್ತು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಇಂಥ ಗರಿಗಳನ್ನು ಮನೆ ಮನೆ ತಿರುಗಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿದ್ದರಿಂದ ನಮಗೆ ಇಂದು ವಚನಗಳು ಓದಲು ಸಿಗುತ್ತಿವೆ. ಆ ಮನುಷ್ಯನ ಋಣ ನಮ್ಮ ಜಿಲ್ಲೆಯ ಮೇಲೆ ದೊಡ್ಡದು.

ನಮ್ಮವ್ವ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಕಡ್ಡಿ ಹಾಕಿ, ಒಂದು ಕಡ್ಡಿಯಷ್ಟು ಜಾಗ ಬಿಟ್ಟು, ಹೀಗೆ ಕೊನೆ ಮುಟ್ಟುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ. ಹಾಗಾಗಿ ಸೀರೆಯ ಎರಡೂ ಮಗ್ಗುಲು ಒಂದೇ ಚಿತ್ರ. ಹೋಗುವಾಗ ಬಿಟ್ಟ ಲೆಕ್ಕ ಒಂದು ಎಳೆ ತಪ್ಪಿದರೂ ಗೋಪುರ ಸೊಟ್ಟಗಾಗುತ್ತದೆ. ಅವ್ವ ಹೊಲಿಯುವಾಗ ಬಾಯಲ್ಲಿ ಎಣಿಸುತ್ತಿದ್ದದ್ದು ಹಾಕಿದ ದಾರವನ್ನಲ್ಲ, ದಾಟಿದ ಎಳೆಗಳನ್ನು.

ತುಂಬಿದ ಚಿತ್ರ ಕೀಳು ಎಂದು ನಾನು ಹೇಳುತ್ತಿಲ್ಲ. ಸುರಪುರದ ಚಿತ್ರಗಳಲ್ಲಿ ಬಂಗಾರ, ಅಲಂಕಾರ ಎಷ್ಟು ಇಡಿಕಿರಿದರೂ ಅವು ಉಸಿರಾಡುತ್ತವೆ. ಆದರೆ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿದಾಗ ನನ್ನ ಮನಸ್ಸು ಬೇರೆಯೇ ರೀತಿ ಎಚ್ಚರಾಗುತ್ತದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹೆಬ್ಬಾರರು ಲಯ ತಿಳಿಯಬೇಕೆಂದು ಕಥಕ್ ಕಲಿತವರು. ನರ್ತಕಿಯ ಸೊಂಟದಿಂದ ಪಾದದ ತನಕ ಒಂದೇ ಗೆರೆ ಇಳಿಯುತ್ತದೆ. ಬೆನ್ನಿನ ಕಡೆ ಗೆರೆಯೇ ಇಲ್ಲ, ಹಾಳೆ ಮಾತ್ರ. ಆದರೂ ಬೆನ್ನು ಅಲ್ಲಿದೆ ಎಂದು ನೋಡುವವನಿಗೆ ಗೊತ್ತಾಗುತ್ತದೆ. ಚೀನಾದ ದಕ್ಷಿಣ ಸೋಂಗ್ ಕಾಲದ ಮಾ ಯುವಾನ್ ಎಂಬ ಚಿತ್ರಕಾರನದೆಂದು ಹೇಳುವ ಒಂದು ರೇಶ್ಮೆಯ ಚಿತ್ರವಿದೆ. ಸಣ್ಣ ದೋಣಿ, ಗಾಳ ಹಿಡಿದು ಬಾಗಿ ಕೂತ ಒಬ್ಬ ಮನುಷ್ಯ, ದೋಣಿಯ ಪಕ್ಕ ನಾಲ್ಕಾರು ತೆಳು ಗೆರೆ. ಉಳಿದದ್ದೆಲ್ಲ ಬರೀ ರೇಶ್ಮೆ. ಆ ಬರೀ ರೇಶ್ಮೆಯೇ ನೀರು, ಅದೇ ಚಳಿ, ಅದೇ ದೂರ. ಆಲಮಟ್ಟಿಯ ಹಿನ್ನೀರಿನ ದಂಡೆಗೆ ಬೆಳಗಿನ ಮಂಜಿನಲ್ಲಿ ಹೋಗಿ ನಿಂತವರಿಗೆ ಆ ಚಿತ್ರವನ್ನು ವಿವರಿಸುವ ಅಗತ್ಯವಿಲ್ಲ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಬಿಟ್ಟ ಜಾಗ ಬೇರೆ, ಉಳಿದ ಜಾಗ ಬೇರೆ. ಮಾ ಯುವಾನನ ಚಿತ್ರದಿಂದ ದೋಣಿಯನ್ನು ತೆಗೆದುಬಿಟ್ಟರೆ ನೀರೂ ಹೋಗುತ್ತದೆ, ಬರೀ ಬಟ್ಟೆ ಉಳಿಯುತ್ತದೆ. ಅಂಗಡಿಯಿಂದ ತಂದ ಖಾಲಿ ಹಾಳೆಯಲ್ಲಿ ಬಯಲು ಇಲ್ಲ. ಒಂದು ಗೆರೆ ಬಿದ್ದ ಕ್ಷಣವೇ ಬಯಲು ಹುಟ್ಟುತ್ತದೆ. ನಮ್ಮ ಡೋಣಿ ಸೀಮೆಯ ಎರೆಹೊಲವನ್ನೇ ನೋಡಿ. ಹಿಂಗಾರಿ ಜೋಳದ ಹೊಲವನ್ನು ಮುಂಗಾರಿನಲ್ಲಿ ಬಿತ್ತದೆ ಖಾಲಿ ಇಡುತ್ತಾರೆ, ಆದರೆ ಸುಮ್ಮನೆ ಇಡುವುದಿಲ್ಲ. ಮೇಲಿಂದ ಮೇಲೆ ಹರಗಿ, ಕಳೆ ಕಿತ್ತು, ಬಿದ್ದ ಮಳೆಯನ್ನು ಒಳಗೆ ಇಂಗಿಸುತ್ತಾರೆ. ಮಳೆ ನಿಂತ ಮೇಲೆ ಆ ಹಸಿಯ ಮೇಲೆಯೇ ಜೋಳ ನಿಲ್ಲುತ್ತದೆ. ಹೊಲವನ್ನು ಪಡ ಬಿಟ್ಟವನಿಗೂ ಖಾಲಿ ಇಟ್ಟವನಿಗೂ ವ್ಯತ್ಯಾಸ ಊರಿನ ಪ್ರತಿಯೊಬ್ಬ ರೈತನಿಗೂ ಗೊತ್ತು.

ವಿಜಯಪುರದ ಬಾರಾ ಕಮಾನ್ ಮಾತ್ರ ನನ್ನ ಈ ಮಾತಿಗೆ ಸುಲಭವಾಗಿ ಬಗ್ಗುವುದಿಲ್ಲ. ಎರಡನೆಯ ಅಲಿ ಆದಿಲ್‌ಶಾಹನ ಗೋರಿಗೆ ಎಬ್ಬಿಸಿದ ಕಟ್ಟಡ ಅದು. ಅವನು 1672ರಲ್ಲಿ ತೀರಿಕೊಂಡ, ಕಟ್ಟಡ ಅರ್ಧಕ್ಕೇ ನಿಂತಿತು. ಮೇಲೆ ಗುಮ್ಮಟವಿಲ್ಲ, ಕರಿಕಲ್ಲಿನ ಕಮಾನುಗಳ ನಡುವೆ ಆಕಾಶ. ಯಾರೂ ಆ ಆಕಾಶವನ್ನು ಬಿಟ್ಟದ್ದಲ್ಲ, ಅದು ಉಳಿದದ್ದು. ಆದರೂ ಸಂಜೆ ಅಲ್ಲಿ ನಿಂತರೆ ಪ್ರತಿ ಕಮಾನಿನೊಳಗೆ ಒಂದೊಂದು ಆಕಾಶ ತನ್ನದೇ ಆಕಾರ ಹಿಡಿದು ನಿಂತಿರುತ್ತದೆ. ಅದೇ ಊರಿನ ಗೋಲಗುಮ್ಮಟ ಇದಕ್ಕೆ ಎದುರು. 1656ರ ಹೊತ್ತಿಗೆ ಮುಗಿದ ಆ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರು, ನಡುವೆ ಒಂದು ಕಂಬವೂ ಇಲ್ಲ. ಕಮಾನುಗಳನ್ನು ಒಂದರ ಮೇಲೊಂದು ಹೆಣೆದು ಭಾರವನ್ನು ಗೋಡೆಗಳಿಗೆ ದಾಟಿಸಿದ್ದಾರೆ. ನೆಲದ ಮಟ್ಟದಲ್ಲಿ ಕಾಣುವುದು ಗೋರಿಯ ಪ್ರತಿರೂಪ ಮಾತ್ರ, ನಿಜವಾದ ಗೋರಿ ಕೆಳಗಿದೆ. ಇಷ್ಟೆಲ್ಲ ಕಲ್ಲು, ಸುಣ್ಣ, ಗಣಿತ ಎಲ್ಲ ದುಡಿದದ್ದು ಒಂದು ಖಾಲಿ ಜಾಗವನ್ನು ಎತ್ತಿ ಹಿಡಿಯಲು. ಗುಮ್ಮಟದೊಳಗೆ ಈ ಕಡೆ ಆಡಿದ ಪಿಸುಮಾತು ಆ ಕಡೆಗೆ ಕೇಳುವುದೂ ಆ ಖಾಲಿ ಜಾಗದಿಂದಲೇ. ಒಂದು ಕಡೆ ಬೇಕೆಂದು ಕಟ್ಟಿದ ಬಯಲು, ಇನ್ನೊಂದು ಕಡೆ ಕಟ್ಟುವವರು ಹೋದದ್ದಕ್ಕೆ ಆದ ಬಯಲು. ಎರಡನೆಯದನ್ನು ಬಿಟ್ಟವರು ಯಾರೂ ಇಲ್ಲ ಎಂದರೆ ಅದಕ್ಕೆ ಆಕಾರ ಕೊಟ್ಟವರು ಯಾರು? ಕಮಾನು. ಮನುಷ್ಯನ ಉದ್ದೇಶ ಅರ್ಧಕ್ಕೆ ನಿಂತರೂ ಗೆರೆ ತನ್ನ ಕೆಲಸ ಮಾಡಿತು ಎಂದಷ್ಟೇ ನಾನು ಹೇಳಬಲ್ಲೆ.

ಈಗ ಶೂನ್ಯದ ಮಾತಾಡಿದ ಆ ಶರಣರಲ್ಲೊಬ್ಬನಾದ ಅಲ್ಲಮನ ಹತ್ತಿರ ಬರುತ್ತೇನೆ. ಅವನ ಪ್ರಸಂಗಗಳನ್ನು ಹೇಳುವ ಶೂನ್ಯಸಂಪಾದನೆಯನ್ನು ಹದಿನೈದನೆಯ ಶತಮಾನದಲ್ಲಿ ಮೊದಲು ಹೆಣೆದವರು ಶಿವಗಣಪ್ರಸಾದಿ ಮಹಾದೇವಯ್ಯ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಅದನ್ನು ಹಿಗ್ಗಿಸಿದರು. ಅದರೊಳಗಿನ ಗೋರಕ್ಷನ ಪ್ರಸಂಗ ನಮ್ಮ ಕಡೆ ಪುರಾಣ ಕೇಳಿದವರಿಗೆಲ್ಲ ಗೊತ್ತು. ಗೋರಕ್ಷ ಸಾಧನೆಯಿಂದ ತನ್ನ ಮೈಯನ್ನು ವಜ್ರ ಮಾಡಿಕೊಂಡವನು. ಅಲ್ಲಮ ಕತ್ತಿಯಿಂದ ಹೊಡೆದರೆ ಖಣಿಲ್ ಎಂಬ ಸದ್ದು, ಕೂದಲೂ ಕೊಂಕಲಿಲ್ಲ. ಆಮೇಲೆ ಗೋರಕ್ಷ ಅಲ್ಲಮನ ಮೇಲೆ ಕತ್ತಿ ಬೀಸಿದ. ಕತ್ತಿ ಗಾಳಿಯಲ್ಲಿ ಹಾಯ್ದಂತೆ ಹಾಯ್ದು ಈ ಕಡೆ ಬಂತು. ಏನೂ ತಾಗಲಿಲ್ಲ.

ಈ ಕತೆಯನ್ನು ಪವಾಡವೆಂದು ಹೇಳಿ ಚಪ್ಪಾಳೆ ತಟ್ಟುವುದು ರೂಢಿ. ನಾನು ಕೇಳುವುದು ಇಷ್ಟು: ಕತ್ತಿಗೆ ಏನೂ ತಾಗಲಿಲ್ಲ ಎಂದರೆ ಅಲ್ಲಮ ಅಲ್ಲಿ ಇರಲಿಲ್ಲವೇ? ಇದ್ದ. ಗೋರಕ್ಷನ ಎದುರು ನಿಂತಿದ್ದ, ಮಾತಾಡಿದ, ಅವನನ್ನು ತಿದ್ದಿದ. ಅಲ್ಲಮನ ಶೂನ್ಯವು ಅಭಾವವಾಗಿದ್ದರೆ ಗೋರಕ್ಷನ ಗರ್ವ ಇಳಿಸಲು ಯಾರೂ ಇರುತ್ತಿರಲಿಲ್ಲ. ಆ ಶೂನ್ಯಕ್ಕೆ ಪ್ರತಿಯೋಗಿ ಇಲ್ಲ. ಅದು ಗಡಿಗೆಯ ಇಲ್ಲದಿರುವಿಕೆ ಅಲ್ಲ, ಮೈಯ ಇಲ್ಲದಿರುವಿಕೆಯೂ ಅಲ್ಲ. ಗಡಿಗೆ ಇರುವುದಕ್ಕೂ ಇಲ್ಲದಿರುವುದಕ್ಕೂ ಎಡೆ ಕೊಡುವಂಥದ್ದು. ತರ್ಕದವರ ನಾಲ್ಕು ಅಭಾವಗಳ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ಹಾಳೆಯ ಮೇಲೆ ಹುಡುಕಿದರೆ ಸ್ವಲ್ಪ ಸಿಗುತ್ತದೆ, ಏಕೆಂದರೆ ಗೆರೆಯ ಎರಡೂ ಬದಿಗೆ ಇರುವುದು ಒಂದೇ ಹಾಳೆ. ಗಡಿಗೆಯ ಒಳಗಿನ ಬಿಳುಪು, ಹೊರಗಿನ ಬಿಳುಪು ಬೇರೆ ಬೇರೆ ಎಂದು ಕಣ್ಣು ನಂಬುತ್ತದೆ. ಬೆರಳಿಗೆ ಮಾತ್ರ ಒಂದೇ.

ಡೆನ್ಮಾರ್ಕಿನ ಮನೋವಿಜ್ಞಾನಿ ಎಡ್ಗರ್ ರೂಬಿನ್ 1915ರಲ್ಲಿ ಪ್ರಕಟಿಸಿದ ಚಿತ್ರವೊಂದು ಪಠ್ಯಪುಸ್ತಕಗಳಲ್ಲೆಲ್ಲ ಬಂದಿದೆ. ನಡುವೆ ನೋಡಿದರೆ ಹೂದಾನಿ, ಅಕ್ಕಪಕ್ಕ ನೋಡಿದರೆ ಎದುರುಬದುರಾದ ಎರಡು ಮುಖ. ಎರಡನ್ನೂ ಒಮ್ಮೆಗೇ ನೋಡಲು ಆಗುವುದಿಲ್ಲ. ಇದನ್ನು ತೋರಿಸಿ ಒಬ್ಬ ಸಹೋದ್ಯೋಗಿ ನನಗೆ ಹೇಳಿದ್ದರು: "ಇದೆಲ್ಲಾ ಕಣ್ಣಿನ ಆಟ ಅದರಿ, ಶರಣರ ಮಾತಿಗೂ ಇದಕ್ಕೂ ಏನ್ ಸಂಬಂಧ?" ಅವರ ಆಕ್ಷೇಪ ಗಟ್ಟಿ. ಚಿತ್ರದ ಬಿಟ್ಟ ಜಾಗವೇ ಪರಶಿವ ಎಂದು ನಾನು ಹೇಳಿದರೆ ಅದು ಅವಿವೇಕ. ಹಾಳೆ ಹಾಳೆಯೇ. ಆದರೆ ಯಾವುದನ್ನು ನಾವು ಏನೂ ಇಲ್ಲವೆಂದು ದಾಟಿಹೋಗುತ್ತೇವೋ ಅದೇ ಇದ್ದದ್ದನ್ನು ಹಿಡಿದು ನಿಲ್ಲಿಸಿದೆ ಎಂಬ ಅರಿವು ಒಮ್ಮೆ ಕೈಗೆ ಬಂದರೆ, ಅಲ್ಲಮನ ಮಾತು ಕಿವಿಗೆ ಬೇರೆಯಾಗಿ ಬೀಳುತ್ತದೆ. ಪುಸ್ತಕದಿಂದ ಮಾತ್ರ ಓದಿದವನಿಗೆ ಶೂನ್ಯ ಒಂದು ಸಿದ್ಧಾಂತ. ಗಡಿಗೆಯ ಪಕ್ಕದ ಬಯಲನ್ನು ಕಣ್ಣಿಟ್ಟು ತೆಗೆದವನಿಗೆ ಅದು ಸ್ವಲ್ಪವಾದರೂ ಅನುಭವ. ಅನುಭವಕ್ಕೆ ಮಂಟಪ ಕಟ್ಟಿದ ಜನ ನಾವು.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಬಯಲೇ ದೊಡ್ಡದಾದರೆ ರೂಪ ಯಾಕೆ, ಅಂಗೈಯಲ್ಲಿ ಲಿಂಗ ಯಾಕೆ ಎಂದು ಕೇಳುವವರಿದ್ದಾರೆ. ಗೆರೆ ಇಲ್ಲದೆ ಬಯಲು ಕಾಣದು ಎಂಬುದೇ ಉತ್ತರ. ಅಂಗೈಯೊಳಗಿನ ಇಷ್ಟಲಿಂಗ ಎಷ್ಟು ಸಣ್ಣದು! ಅದನ್ನು ಹಿಡಿದು ದೃಷ್ಟಿ ನಿಲ್ಲಿಸಿದವನಿಗೆ ಸುತ್ತಲಿನದು ತೆರೆಯುತ್ತದೆ. ಮೂರ್ತಿಯನ್ನು ಕಂಡ ಕೂಡಲೇ ಮುಖ ತಿರುಗಿಸುವವರೂ, ಮೂರ್ತಿಯ ಸುತ್ತ ಒಂದು ಗೇಣು ಜಾಗವನ್ನೂ ಬಿಡದೆ ತುಂಬುವವರೂ ನನ್ನ ಮಟ್ಟಿಗೆ ಒಂದೇ ತಪ್ಪು ಮಾಡುತ್ತಿದ್ದಾರೆ. ಒಬ್ಬರಿಗೆ ಗೆರೆ ಬೇಡ, ಇನ್ನೊಬ್ಬರಿಗೆ ಹಾಳೆ ಬೇಡ.

ತುಂಬುವವರ ಸಂಖ್ಯೆ ಈಗ ಹೆಚ್ಚಾಗಿದೆ. ನಮ್ಮ ಸೀಮೆಯ ಹಳೆಯ ಗುಡಿಗಳ ಗರ್ಭಗುಡಿಯಲ್ಲಿ ಒಂದು ಲಿಂಗ, ಒಂದು ದೀಪ, ಸುತ್ತ ಕತ್ತಲು ಇರುತ್ತಿತ್ತು. ಆ ಕತ್ತಲು ಗುಡಿ ಕಟ್ಟಿದವನು ಬಿಟ್ಟ ಜಾಗ. ಈಗ ಗೋಡೆಗೆ ಹೊಳೆಯುವ ಟೈಲ್ಸ್, ಮೇಲೆ ಬಣ್ಣ ಬದಲಿಸುವ ಎಲ್‌ಇಡಿ ಸರ, ಪ್ರತಿ ಕಂಬಕ್ಕೂ ದಾನಿಯ ಹೆಸರಿನ ಫಲಕ, ಅಂಗಳದ ತುಂಬ ಫ್ಲೆಕ್ಸು. ಭಕ್ತಿಯಿಂದಲೇ ಮಾಡಿದ್ದಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಣ್ಣಿಗೆ ನಿಲ್ಲಲು ಜಾಗವಿಲ್ಲದಲ್ಲಿ ಮನಸ್ಸಿಗೂ ನಿಲ್ಲಲು ಜಾಗವಿರುವುದಿಲ್ಲ. ಸಾಲಿಯ ಗೋಡೆಗಳದೂ ಇದೇ ಗತಿ. ಗಾದೆ, ನಕಾಶೆ, ಮಹಾಪುರುಷರು, ಗುಣಾಕಾರದ ಮಗ್ಗಿ ಎಲ್ಲವನ್ನೂ ಒಂದೇ ಗೋಡೆಗೆ ಬರೆಸಿ, ಮಕ್ಕಳು ಒಂದನ್ನೂ ಓದದಂತೆ ಮಾಡಿದ್ದೇವೆ.

ಗುಡಿಯ ಜೀರ್ಣೋದ್ಧಾರಕ್ಕೆ ಪಟ್ಟಿ ಎತ್ತುವ ನಮ್ಮೂರ ಹಿರಿಯರಲ್ಲಿ, ಸುತ್ತಲಿನ ಊರುಗಳ ಕಮಿಟಿಯವರಲ್ಲಿ ನನ್ನದು ಒಂದೇ ಬೇಡಿಕೆ. ಸೋರುವ ಮಾಳಿಗೆ ರಿಪೇರಿ ಮಾಡಿಸಿರಿ, ಬಿರುಕು ಬಿಟ್ಟ ಕಲ್ಲು ಕೂಡಿಸಿರಿ, ಗರ್ಭಗುಡಿಯೊಳಗಿನ ಮೂರು ಗೋಡೆಗಳನ್ನು ಮಾತ್ರ ಇದ್ದ ಹಾಗೆಯೇ ಬಿಡಿರಿ. ಟೈಲ್ಸ್ ಬೇಡ, ಹೆಸರು ಬೇಡ, ದೀಪ ಒಂದೇ ಸಾಕು. ಆ ಗೋಡೆಗಳಿಗೆ ದಾನ ಕೊಡಲು ಮುಂದೆ ಬಂದವರಿಗೆ ಸಾಲಿಯ ಮಕ್ಕಳಿಗೆ ಡ್ರಾಯಿಂಗ್ ಹಾಳೆ ಕೊಡಿಸಲು ಹೇಳಿರಿ.